ಹುಳಿಪುಡಿಯೂ ಕಂಪ್ಯೂಟರೂ

ಹುಳಿಪುಡಿಯ ಅಳತೆ ಕೇಳಿದಾಗ ಹೇಳಿಕೊಡುವವರಲ್ಲಿ ಮೂರು ತರಹದವರಿದ್ದಾರೆ. ಕೆಲವರು ನಮ್ಮನ್ನು ಕೂರಿಸಿಕೊಂಡು ಚೀಟಿಯಲ್ಲಿ ಬರೆದುಕೊಟ್ಟು, ಮೊದಲ ಸಲ ಹುರಿಯುವಾಗ ತಾವೇ ಬಂದು ಒಲೆಯ ಪಕ್ಕ ನಿಲ್ಲುತ್ತಾರೆ. ಕೆಲವರು "ಅಯ್ಯೋ, ಅದರಲ್ಲೇನಿದೆ ಬಿಡಿ, ಎಲ್ಲರೂ ಮಾಡೋ ಹಾಗೇ" ಎಂದು ಮಾತು ತೇಲಿಸುತ್ತಾರೆ. ಮೂರನೆಯವರು ಎಲ್ಲವನ್ನೂ ಹೇಳಿ ಒಂದನ್ನು ಮಾತ್ರ ಬಿಡುತ್ತಾರೆ. ಒಂದು ಮರಾಠಿ ಮೊಗ್ಗೋ, ಒಂದು ಚೂರು ಜಾಪತ್ರೆಯೋ. ನಾವು ಎಷ್ಟು ಸಲ ಮಾಡಿದರೂ ಅವರ ಮನೆಯ ಘಮ ನಮ್ಮ ಮನೆಯಲ್ಲಿ ಏಳುವುದಿಲ್ಲ. ಈ ಮೂರನೆಯವರ ಮೇಲೆ ನಮಗೆ ಬರುವ ಸಿಟ್ಟು ಎರಡನೆಯವರ ಮೇಲೆ ಬರುವುದಿಲ್ಲ. ಯಾಕೆಂದು ನೀವೇ ಯೋಚಿಸಿ.

ಈಗ ಅಂಗಡಿಯಲ್ಲಿ ಪೊಟ್ಟಣ ಸಿಗುತ್ತದೆ. ಹಿಂದೆ ತಿರುಗಿಸಿ ಓದಿದರೆ ಧನಿಯಾ, ಮೆಣಸಿನಕಾಯಿ, ಕಡಲೆಬೇಳೆ ಎಂದೆಲ್ಲ ಬರೆದು ಕೊನೆಗೆ "ಇತರ ಮಸಾಲೆ ಪದಾರ್ಥಗಳು" ಎಂದು ಒಂದೇ ಮಾತಿನಲ್ಲಿ ಮುಗಿಸಿರುತ್ತಾರೆ. ಅದು ವ್ಯಾಪಾರ, ತಪ್ಪೆನ್ನಲಾಗದು. ಆದರೂ ಪೊಟ್ಟಣದ ಪುಡಿಗೆ ಮನೆಯಲ್ಲಿ ಸ್ವಲ್ಪ ಮೆಂತ್ಯ ಸೇರಿಸಿಕೊಳ್ಳಬಾರದು, ಪಕ್ಕದ ಮನೆಯವರಿಗೆ ಒಂದು ಚಮಚ ಕೊಡಬಾರದು, ಅದರಲ್ಲಿ ಏನಿದೆಯೆಂದು ನಾಲಿಗೆಯಿಂದ ಊಹಿಸಲೂಬಾರದು ಎಂದು ಯಾರಾದರೂ ಕರಾರು ಹಾಕಿದರೆ? ನಗುತ್ತೇವೆ. ಕಂಪ್ಯೂಟರಿನ ಲೋಕದಲ್ಲಿ ಮಾತ್ರ ಇಂಥ ಕರಾರಿಗೆ ದಿನವೂ ಒಪ್ಪಿಗೆ ಕೊಡುತ್ತೇವೆ. ಪರದೆಯ ಮೇಲೆ ಉದ್ದನೆಯ ಇಂಗ್ಲಿಷ್ ಬರಹ ಬರುತ್ತದೆ, ಕೆಳಗೆ "ಒಪ್ಪಿದ್ದೇನೆ" ಎಂಬ ಗುಂಡಿ ಇರುತ್ತದೆ. ಓದದೆ ಒತ್ತುತ್ತೇವೆ. ಮನೆಪತ್ರಕ್ಕೆ ಸಹಿ ಹಾಕುವಾಗ ನಾಲ್ಕು ಜನರನ್ನು ಕೇಳುವ ನಮ್ಮ ಗಂಡಸರೂ ಇದನ್ನು ಓದದೆ ಒತ್ತುತ್ತಾರೆ.

ಕಂಪ್ಯೂಟರು ಬರಿಯ ಪೆಟ್ಟಿಗೆ. ಅದಕ್ಕೆ ಇಂಥದ್ದನ್ನು ಹೀಗೆ ಮಾಡು ಎಂದು ಹೇಳುವ ಬರಹವೇ ತಂತ್ರಾಂಶ, ಸಾಫ್ಟ್‌ವೇರ್. ಬರೆದವರು ಅದನ್ನು ಮನುಷ್ಯರು ಓದಬಹುದಾದ ರೂಪದಲ್ಲಿ ಬರೆದಿರುತ್ತಾರೆ, ಅದೇ ಪಾಕವಿಧಾನದ ಚೀಟಿ. ನಮಗೆ ಮಾರುವಾಗ ಚೀಟಿ ಕೊಡುವುದಿಲ್ಲ, ಯಂತ್ರಕ್ಕೆ ಮಾತ್ರ ಅರ್ಥವಾಗುವ ಪುಡಿ ಮಾಡಿ ಕೊಡುತ್ತಾರೆ. ಅಡಿಗೆಯ ಈ ಹೋಲಿಕೆ ನನ್ನದಲ್ಲ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬುವರು ಬಹಳ ವರ್ಷದಿಂದ ಹೇಳುತ್ತ ಬಂದಿದ್ದಾರೆ. ಅವರು ಎಷ್ಟು ಅಡಿಗೆ ಮಾಡಿದ್ದಾರೋ ಕಾಣೆ, ಹೋಲಿಕೆ ಮಾತ್ರ ಸರಿಯಾಗಿದೆ.

ಅವರ ಕಥೆ ಒಂದು ಪ್ರಿಂಟರಿನಿಂದ ಶುರುವಾಗುತ್ತದೆ. 1980ರ ಸುಮಾರಿನಲ್ಲಿ ಅವರು ಎಂಐಟಿ ಎಂಬ ದೊಡ್ಡ ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿದ್ದರು. ಅಲ್ಲಿಗೆ ಝೆರಾಕ್ಸ್ ಕಂಪನಿ ಒಂದು ಹೊಸ ಲೇಸರ್ ಪ್ರಿಂಟರನ್ನು ಕೊಟ್ಟಿತ್ತು. ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನ ತಂತ್ರಾಂಶದ ಬರಹ ಇವರ ಕೈಯಲ್ಲಿದ್ದಾಗ, ಕಾಗದ ಸಿಕ್ಕಿಕೊಂಡ ಕೂಡಲೇ ಕಾಯುತ್ತಿರುವವರಿಗೆಲ್ಲ ಸುದ್ದಿ ಹೋಗುವಂತೆ ತಿದ್ದಿಕೊಂಡಿದ್ದರು. ಹೊಸದಕ್ಕೆ ಬರಹ ಕೊಟ್ಟಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರ ಬಳಿ ಅದು ಇದೆಯೆಂದು ಕೇಳಿ, ಹೋಗಿ ಕೇಳಿದರು. ಅವರು, "ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ" ಎಂದುಬಿಟ್ಟರಂತೆ. ಒಬ್ಬ ಮೇಷ್ಟ್ರು ಇನ್ನೊಬ್ಬ ಮೇಷ್ಟ್ರಿಗೆ ಸಹಾಯ ಮಾಡುವುದಿಲ್ಲವೆಂದು ಮೂರನೆಯವರಿಗೆ ಬರೆದುಕೊಟ್ಟಂತೆ ಇದು. 1983ರ ಸೆಪ್ಟೆಂಬರಿನಲ್ಲಿ ಸ್ಟಾಲ್‌ಮನ್, ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ಬುಡದಿಂದ ಕಟ್ಟುತ್ತೇನೆಂದು ಸಾರಿದರು. ಅದಕ್ಕೆ ಗ್ನೂ ಎಂದು ಹೆಸರು. ಮರುವರ್ಷ ಕೆಲಸ ಬಿಟ್ಟರು. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಯಿತು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಇಪ್ಪತ್ತೊಂದರ ಹುಡುಗ, ಬರೆದದ್ದು ಅದರ ಜೊತೆ ಸೇರಿ ಲಿನಕ್ಸ್ ಎಂದು ಹೆಸರಾಯಿತು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಲೈಂಗಿಕ ಶೋಷಣೆಯ ಪ್ರಕರಣವೊಂದರ ಬಗ್ಗೆ ಸ್ಟಾಲ್‌ಮನ್ ಆಡಿದ ಮಾತು ದೊಡ್ಡ ಟೀಕೆಗೆ ಗುರಿಯಾಗಿ, 2019ರಲ್ಲಿ ಅವರು ಆ ಸಂಸ್ಥೆಯ ಅಧ್ಯಕ್ಷಗಿರಿಯನ್ನೂ ಎಂಐಟಿಯ ಸ್ಥಾನವನ್ನೂ ಬಿಡಬೇಕಾಯಿತು. 2021ರಲ್ಲಿ ಸಂಸ್ಥೆಯ ಮಂಡಳಿಗೆ ಮರಳಿದರು. ಹೆಣ್ಣುಮಕ್ಕಳಿಗೆ ಪಾಠ ಹೇಳುವ ನನಗೆ ಇದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ಆಗುವುದಿಲ್ಲ. ವಿಚಾರ ಅವರಿಗಿಂತ ದೊಡ್ಡದು ಎಂದಷ್ಟೇ ಹೇಳಬಲ್ಲೆ.

ನನ್ನನ್ನು ಬಹಳ ದಿನ ಕಾಡಿದ್ದು ಬೇರೆಯೇ ಪ್ರಶ್ನೆ. ನಮ್ಮ ಶಾಲೆಗೆ ಮೊದಲು ಕಂಪ್ಯೂಟರು ಬಂದಾಗ ಜೋಡಿಸಲು ಬಂದ ಹುಡುಗ ಜೇಬಿನಿಂದ ಒಂದು ಸಿಡಿ ತೆಗೆದು ಎಲ್ಲ ಯಂತ್ರಗಳಿಗೂ ಅದನ್ನೇ ತುಂಬುತ್ತಿದ್ದ. ಸಿಡಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಏನೋ ಗೀಚಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೆಲ್ಲಗೆ, "ಮಿಸ್, ಇದು ಕದ್ದಿದ್ದಾ?" ಎಂದಳು. ಪರೀಕ್ಷೆಯಲ್ಲಿ ಪಕ್ಕದವಳದು ನೋಡಿ ಬರೆದರೆ ಕಾಪಿ ಎಂದು ಬೈಯುವವರು ನಾವು. ಹುಡುಗ ಕೊಟ್ಟ ಉತ್ತರ, "ಎಲ್ಲಾ ಕಡೆ ಹೀಗೇ ಮೇಡಂ." ಹುಡುಗಿ ನನ್ನ ಮುಖ ನೋಡಿದಳು. ಕದ್ದದ್ದೇ ಹೌದು ಎಂದೆ, ಮುಖ್ಯೋಪಾಧ್ಯಾಯರಿಗೂ ಹೇಳಿದೆ. ಅವರು, "ಕೊಂಡುಕೊಳ್ಳೋಕೆ ದುಡ್ಡೆಲ್ಲಿದೆ ಅಮ್ಮ?" ಎಂದರು. ಅದೂ ನಿಜವೇ.

ಕಾನೂನು ಸ್ಪಷ್ಟವಾಗಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ತಂತ್ರಾಂಶವನ್ನೂ ಸಾಹಿತ್ಯ ಕೃತಿಯ ಸಾಲಿನಲ್ಲೇ ಇಟ್ಟಿದೆ, ಗೊತ್ತಿದ್ದೂ ಕಳ್ಳಪ್ರತಿ ಬಳಸುವುದು ಶಿಕ್ಷೆಗೆ ಅರ್ಹ. 1976ರಲ್ಲೇ ಬಿಲ್ ಗೇಟ್ಸ್ ಎಂಬ ಇಪ್ಪತ್ತರ ಹುಡುಗ ಕಂಪ್ಯೂಟರ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ನಮ್ಮ ದುಡಿಮೆಯನ್ನು ನೀವು ಕದಿಯುತ್ತಿದ್ದೀರಿ, ಕೂಲಿಯಿಲ್ಲದೆ ಯಾರು ಒಳ್ಳೆಯ ಕೆಲಸ ಮಾಡುತ್ತಾರೆ ಎಂಬ ಅರ್ಥದಲ್ಲಿ ಕೇಳಿದ್ದ. ಆ ಪತ್ರದ ಸಿಟ್ಟನ್ನು ನಾನು ಹಗುರವಾಗಿ ನೋಡಲಾರೆ. ರಾತ್ರಿಯೆಲ್ಲ ಕೂತು ಬರೆದವನಿಗೆ ಅನ್ನ ಬೇಡವೇ?

ಸ್ಟಾಲ್‌ಮನ್ ಇನ್ನೊಂದು ಕಡೆಯಿಂದ ಎಳೆಯುತ್ತಾರೆ. ನೆರೆಯವಳು ಬಂದು, ನಿಮ್ಮ ಹತ್ತಿರ ಇರುವ ತಂತ್ರಾಂಶದ ಪ್ರತಿ ಕೊಡಿ ಎನ್ನುತ್ತಾಳೆ. ಕೊಟ್ಟರೆ ಕರಾರು ಮುರಿಯುತ್ತದೆ, ಕೊಡದಿದ್ದರೆ ನೆರೆತನ ಮುರಿಯುತ್ತದೆ. ಎರಡೂ ಕೆಡುಕೇ. ಇಂಥ ಇಕ್ಕಟ್ಟಿಗೆ ಸಿಕ್ಕಿಸುವ ಕರಾರಿಗೆ ಮೊದಲೇ ಕೈ ಹಾಕಬೇಡಿ ಎಂದು ಅವರ ವಾದ. ಕೊಟ್ಟ ಮಾತು ಮುರಿಯಬಾರದು, ಆದರೆ ಎಂಥ ಮಾತು ಕೊಡಬೇಕು ಎಂಬ ವಿವೇಕವೂ ಇರಬೇಕು. ನಾವು ಮಕ್ಕಳಿಗೆ ಮೊದಲನೆಯದನ್ನು ಮಾತ್ರ ಕಲಿಸುತ್ತೇವೆ. ಆ ಸಿಡಿಯ ಹುಡುಗನ ಹತ್ತಿರ ಲಿನಕ್ಸಿನ ಸಿಡಿ ಇದ್ದಿದ್ದರೆ ಹುಡುಗಿಯ ಪ್ರಶ್ನೆಗೆ ಬೇರೆ ಉತ್ತರ ಸಿಗುತ್ತಿತ್ತು. ದುಡ್ಡೂ ಬೇಡ, ಕಳವೂ ಅಲ್ಲ.

ಹಂಚಿದರೆ ಕಡಿಮೆಯಾಗುವ ಪದಾರ್ಥ ಬೇರೆ, ಆಗದ ಪದಾರ್ಥ ಬೇರೆ. ಹಾಲು ಕೊಟ್ಟರೆ ನಮ್ಮ ಪಾತ್ರೆ ಬರಿದಾಗುತ್ತದೆ. ಹೆಪ್ಪು ಕೊಟ್ಟರೆ ಆಗುವುದಿಲ್ಲ. ಒಂದು ಮನೆಯ ಚಮಚ ಹೆಪ್ಪಿನಿಂದ ಬೀದಿಯ ಮನೆಗಳಲ್ಲೆಲ್ಲ ಮೊಸರಾಗುತ್ತದೆ, ನಮ್ಮ ಮೊಸರು ಒಂದು ದಿನ ಹುಳಿ ಬಂದು ಕೆಟ್ಟರೆ ಅವರಿಂದಲೇ ವಾಪಸು ತರುತ್ತೇವೆ. 1989ರಲ್ಲಿ ಬಂದ ಜಿಪಿಎಲ್ ಎಂಬ ಪರವಾನಗಿಯ ಮರ್ಮವೂ ಇದೇ. ಯಾವ ಕೆಲಸಕ್ಕಾದರೂ ಬಳಸಿ, ಒಳಗೆ ನೋಡಿ, ತಿದ್ದಿ, ಹಂಚಿ, ತಿದ್ದಿದ್ದನ್ನೂ ಹಂಚಿ. ಆದರೆ ಹಂಚುವಾಗ ನಿಮಗಿದ್ದ ಹಕ್ಕೆಲ್ಲ ತೆಗೆದುಕೊಳ್ಳುವವರಿಗೂ ಇರಲಿ. ಹೆಪ್ಪು ತೆಗೆದುಕೊಂಡವರನ್ನು ಇನ್ನೊಬ್ಬರಿಗೆ ಕೊಡಬೇಡಿ ಎಂದು ತಡೆಯುವಂತಿಲ್ಲ. ಬೆಲೆ ಹಾಕಿ ಮಾರುವುದಕ್ಕೂ ಅಡ್ಡಿಯಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಸರಿ, ನನಗೆ ಆ ಬರಹ ಓದಲು ಬರುವುದಿಲ್ಲವಲ್ಲ, ನನಗೇನು ಲಾಭ ಎಂದು ನೀವು ಕೇಳಬಹುದು. ಡಾಕ್ಟರು ಬರೆದ ಔಷಧಿಯ ಚೀಟಿಯೂ ನನಗೆ ಓದಲು ಬರುವುದಿಲ್ಲ. ಆದರೂ ಚೀಟಿ ನನ್ನ ಕೈಯಲ್ಲಿರಬೇಕು. ಯಾವ ಅಂಗಡಿಗಾದರೂ ಒಯ್ಯಬಹುದು, ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಸರಿಯೇ ಎಂದು ಕೇಳಬಹುದು. ಓದಬಲ್ಲ ಒಬ್ಬರು ಲೋಕದಲ್ಲಿದ್ದರೆ ನನಗೂ ಅಷ್ಟು ರಕ್ಷಣೆ.

ಚೀಟಿ ಕೈಯಲ್ಲಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2009ರ ಜುಲೈಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಮೆಜಾನ್ ಕಂಪನಿಯ ಕಿಂಡಲ್ ಎಂಬ ಓದುವ ಯಂತ್ರದಲ್ಲಿ ಜನ ಹಣ ಕೊಟ್ಟು ಪುಸ್ತಕಗಳನ್ನು ಇಳಿಸಿಕೊಂಡಿದ್ದರು. ಅವುಗಳಲ್ಲಿ ಒಂದು ಪ್ರತಿಯನ್ನು ಮಾರಿದವರಿಗೆ ಅದರ ಹಕ್ಕೇ ಇರಲಿಲ್ಲವೆಂದು ಗೊತ್ತಾದಾಗ ಕಂಪನಿ ದೂರದಿಂದಲೇ ಓದುಗರ ಯಂತ್ರದೊಳಗೆ ಕೈ ಹಾಕಿ ಪುಸ್ತಕ ಅಳಿಸಿ, ಹಣ ವಾಪಸು ಮಾಡಿತು. ಆ ಪುಸ್ತಕ ಯಾವುದು ಗೊತ್ತೇ? ಜಾರ್ಜ್ ಆರ್ವೆಲ್ ಬರೆದ "1984". ಸರ್ಕಾರ ಜನರ ಮನೆಯೊಳಗೆಲ್ಲ ಕಣ್ಣಿಟ್ಟು, ಬೇಡದ ಬರಹವನ್ನು ಅಳಿಸುವ ಕಥೆ. ಕಂಪನಿ ಆಮೇಲೆ ಕ್ಷಮೆ ಕೇಳಿತು. ಕ್ಷಮೆ ಕೇಳಿದ್ದು ದೊಡ್ಡತನವೇ, ಆದರೆ ನನ್ನ ಮನೆಯ ಬೀರುವಿನ ಇನ್ನೊಂದು ಬೀಗದಕೈ ಅಂಗಡಿಯವನ ಹತ್ತಿರ ಇದೆ ಎಂಬುದು ಆ ದಿನ ಗೊತ್ತಾಯಿತಲ್ಲ.

ನಮ್ಮ ಊರಿನದೇ ಒಂದು ಸಂಗತಿ. 1999ರಲ್ಲಿ ಶಾಲೆಯ ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ಮಾಡಿದೆವು. ಮಕ್ಕಳ ಅಜ್ಜಿಯರಿಂದ ಸೋಬಾನೆ ಹಾಡು, ಹಸೆಗೆ ಕರೆಯುವ ಹಾಡು, ಬೀಸುವ ಕಲ್ಲಿನ ಹಾಡುಗಳನ್ನು ಬರೆಸಿಕೊಂಡು ಬಂದಿದ್ದೆವು. ಎಲ್ಲವನ್ನೂ ಡಿಟಿಪಿ ಅಂಗಡಿಯಲ್ಲಿ ಅಕ್ಷರ ಜೋಡಿಸಿಯಾಯಿತು. ಪುಟ ಜಾಸ್ತಿಯಾಯಿತೆಂದು ಅರ್ಧ ಮಾತ್ರ ಅಚ್ಚಾಗಿ, ಉಳಿದದ್ದು ಒಂದು ಸಿಡಿಯಲ್ಲಿ ಉಳಿಯಿತು. ಕೈಬರಹದ ಕಾಗದಗಳು ಯಾರ ಮನೆಯ ಅಟ್ಟ ಸೇರಿದವೋ. 2018ರಲ್ಲಿ ಹಾಡುಗಳನ್ನು ಪುಸ್ತಕ ಮಾಡೋಣವೆಂದು ಸಿಡಿ ತೆಗೆದರೆ ಕಡತ ತೆರೆಯಲೇ ಇಲ್ಲ. ಆ ಪುಟ ಕಟ್ಟುವ ತಂತ್ರಾಂಶವನ್ನು ಈಗ ಯಾರೂ ಮಾರುವುದಿಲ್ಲ. ಎಲ್ಲೋ ಹಳೆಯ ಯಂತ್ರದಲ್ಲಿ ತೆರೆದಾಗ ಅಕ್ಷರಗಳ ಬದಲು ಚುಕ್ಕೆ, ಡಾಲರು, ಪ್ರಶ್ನೆಚಿಹ್ನೆಗಳ ರಾಶಿ. ಆ ಕಾಲದ ಕನ್ನಡ ಫಾಂಟುಗಳು ಒಂದೊಂದೂ ತನ್ನದೇ ಗುಪ್ತಲಿಪಿಯಲ್ಲಿದ್ದವು. ಫಾಂಟು ಇಲ್ಲದಿದ್ದರೆ ಬರಹವೇ ಇಲ್ಲ. ಹಾಡು ಹೇಳಿದ ಅಜ್ಜಿಯರಲ್ಲಿ ಇಬ್ಬರ ಹೊರತು ಯಾರೂ ಉಳಿದಿರಲಿಲ್ಲ. ಹಾಡು ಅವರವು, ಬರೆದುಕೊಂಡವರು ನಾವು, ದುಡ್ಡು ಕೊಟ್ಟವರು ನಾವು. ಓದುವ ಹಕ್ಕು ಮಾತ್ರ ಅಂಗಡಿ ಮುಚ್ಚಿಹೋದ ಇನ್ಯಾರದೋ ಕೈಯಲ್ಲಿ.

ಅದನ್ನು ಬಿಡಿಸಿದವರು ಮುಕ್ತ ತಂತ್ರಾಂಶದವರು. ಬಳಕೆ ತಪ್ಪಿದ ತಂತ್ರಾಂಶಗಳ ಕಡತಗಳನ್ನು ಬಿಡಿಸಿ ಓದುವುದಕ್ಕೆಂದೇ 2014ರಲ್ಲಿ ಡಾಕ್ಯುಮೆಂಟ್ ಲಿಬರೇಶನ್ ಪ್ರಾಜೆಕ್ಟ್ ಎಂಬುದು ಶುರುವಾಗಿತ್ತು. ಅದರ ಕೆಲಸವೆಲ್ಲ ಲಿಬ್ರೆಆಫೀಸ್ ಎಂಬ ತಂತ್ರಾಂಶದೊಳಗೆ ಸೇರಿದೆ. ಅದರಲ್ಲಿ ಪುಟ ತೆರೆಯಿತು. ಹಳೆಯ ಫಾಂಟಿನ ಅಕ್ಷರವನ್ನು ಈಗಿನ ಯುನಿಕೋಡಿಗೆ ತಿರುಗಿಸುವ ಪರಿವರ್ತಕವನ್ನು ಕನ್ನಡದ ಕೆಲವು ಉತ್ಸಾಹಿಗಳು ಮಾಡಿ ಎಲ್ಲರಿಗೂ ಬಿಟ್ಟಿದ್ದರು. ಒಟ್ಟು ನಲವತ್ತೊಂದು ಹಾಡು ಸಿಕ್ಕಿದವು. ಅರ್ಕಾವತ್ತುಗಳು ಮಾತ್ರ ತಮಗೆ ಬೇಕಾದ ಕಡೆ ಹೋಗಿ ಕೂತಿದ್ದವು, ನಿವೃತ್ತರಾದ ನಮ್ಮ ಕನ್ನಡ ಪಂಡಿತರು ಒಂದು ದಸರಾ ರಜೆಯೆಲ್ಲ ಕೂತು ತಿದ್ದಿದರು. ಈಗ ಅವನ್ನು ಓಪನ್ ಡಾಕ್ಯುಮೆಂಟ್ ಎಂಬ ರೂಪದಲ್ಲಿ ಇಟ್ಟಿದ್ದೇವೆ. ಅದರ ಕಟ್ಟಳೆಯೆಲ್ಲ ಬಹಿರಂಗ, 2006ರಿಂದ ಅಂತರರಾಷ್ಟ್ರೀಯ ಮಾನಕವೂ ಹೌದು. ನಾಳೆ ಲಿಬ್ರೆಆಫೀಸೇ ಇಲ್ಲವಾದರೂ ಕಟ್ಟಳೆ ನೋಡಿ ಇನ್ನೊಬ್ಬರು ಓದುವ ಉಪಕರಣ ಮಾಡಬಹುದು.

ನಮ್ಮ ಪಕ್ಕದ ಕೇರಳದಲ್ಲಿ ಈ ಲೆಕ್ಕವನ್ನು ಸರ್ಕಾರವೇ ಹಾಕಿತು. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಪೂರ್ತಿ ಮುಕ್ತ ತಂತ್ರಾಂಶಕ್ಕೆ ತಿರುಗಿತು. ಈಗ ಕೈಟ್ ಎಂಬ ಸಂಸ್ಥೆ ಅದನ್ನು ನಡೆಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಉಳಿದ ಹಣಕ್ಕಿಂತ ನನಗೆ ಮುಖ್ಯವೆನಿಸುವುದು, ಅಲ್ಲಿ ಪಾಠ ಹೇಳುವವರು ಆಯಾ ಶಾಲೆಯ ಉಪಾಧ್ಯಾಯರೇ. ಗಣಿತದ ಮೇಡಮ್ಮೇ ಯಂತ್ರವನ್ನೂ ಕೂರಿಸುತ್ತಾರೆ. ಶಾಲೆಯಲ್ಲಿದ್ದದ್ದನ್ನು ಮಗು ಮನೆಗೂ ಒಯ್ಯಬಹುದು, ಯಾರೂ ಕಳ್ಳರಾಗುವುದಿಲ್ಲ.

ಹಳೆಯ ಯಂತ್ರಗಳ ಮಾತೂ ಇದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಬಹಳಷ್ಟನ್ನು ಒಪ್ಪುವುದಿಲ್ಲ. ಕೈಕಾಲು ಗಟ್ಟಿಯಿರುವ ಯಂತ್ರಕ್ಕೆ ವಯಸ್ಸಾಯಿತೆಂದು ಹೇಳಿ ಮೂಲೆಗೆ ಕೂರಿಸುವುದು ನಮ್ಮ ವಯಸ್ಸಿನವರಿಗೆ ಬೇಗ ಅರ್ಥವಾಗುತ್ತದೆ. ಲಿನಕ್ಸ್ ಮಿಂಟ್‌ನಂಥದ್ದನ್ನು ಹಾಕಿದರೆ ಅವುಗಳಲ್ಲಿ ಎಷ್ಟೋ ಇನ್ನೂ ಐದಾರು ವರ್ಷ ದುಡಿಯುತ್ತವೆ. ಪತ್ರ ಬರೆಯಲು, ಮಗನ ಜೊತೆ ಮುಖ ನೋಡಿ ಮಾತಾಡಲು, ಮದುವೆಯ ವಿಡಿಯೋ ನೋಡಲು ಧಾರಾಳ ಸಾಕು. ವಿಡಿಯೋ ನೋಡುವ ವಿಎಲ್‌ಸಿ ಎಂಬುದು ನಿಮ್ಮ ಯಂತ್ರದಲ್ಲಿ ಈಗಾಗಲೇ ಇರಬಹುದು, ಕಿತ್ತಳೆ ಬಣ್ಣದ ಶಂಕುವಿನ ಚಿತ್ರ. ಅದು ಪ್ಯಾರಿಸ್ಸಿನ ಕಾಲೇಜು ಹುಡುಗರು 1996ರಲ್ಲಿ ಶುರುಮಾಡಿದ ಮುಕ್ತ ತಂತ್ರಾಂಶವೇ.

ಎಲ್ಲವೂ ಸಲೀಸು ಎಂದು ಹೇಳಿದರೆ ನೀವು ನಾಳೆ ನನ್ನನ್ನು ಬೈಯುತ್ತೀರಿ. ಕೆಲವು ಪ್ರಿಂಟರುಗಳು ಲಿನಕ್ಸಿಗೆ ಮಾತು ಕೇಳುವುದಿಲ್ಲ. ಲೆಕ್ಕಪತ್ರದ ಕೆಲವು ತಂತ್ರಾಂಶಗಳು ವಿಂಡೋಸ್ ಬಿಟ್ಟು ಬೇರೆಲ್ಲೂ ನಡೆಯವು. ಕೆಟ್ಟರೆ ರಿಪೇರಿಯವನು, "ಇದೇನ್ ಮೇಡಂ ಹಾಕ್ಕೊಂಡಿದೀರ?" ಎಂದು ಮುಖ ಸಿಂಡರಿಸುತ್ತಾನೆ. ಲೆಕ್ಕ ಬರೆದು ಹೊಟ್ಟೆ ಹೊರೆಯುವ ಹೆಂಗಸಿಗೆ ಇದನ್ನು ಬಿಡು, ಅದನ್ನು ಹಿಡಿ ಎಂದು ನಾನು ಉಪದೇಶ ಮಾಡುವುದಿಲ್ಲ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ, ನನಗೆ ಅದೇ ಎಲ್ಲಕ್ಕಿಂತ ಕಷ್ಟದ್ದು. ಇಂಗ್ಲಿಷಿನಲ್ಲಿ ಸ್ವತಂತ್ರ ಎಂಬುದಕ್ಕೂ ಪುಕ್ಕಟೆ ಎಂಬುದಕ್ಕೂ ಫ್ರೀ ಎಂಬ ಒಂದೇ ಮಾತು. ಅವರಿಗೆ ಇದನ್ನು ವಿವರಿಸಿ ಸಾಕಾಗಿದೆ. ನಮಗೆ ಆ ತೊಂದರೆಯಿಲ್ಲ. ಆದರೆ ನಮ್ಮ ಬಿಟ್ಟಿ ಎಂಬ ಮಾತನ್ನು ನೋಡಿ. ತೆಗೆದುಕೊಳ್ಳುವವನಿಗೆ ಬಿಟ್ಟಿ ಎಂದರೆ ಪುಕ್ಕಟೆ. ಮಾಡುವವನಿಗೆ ಬಿಟ್ಟಿ ಎಂದರೆ ಕೂಲಿಯಿಲ್ಲದ ಚಾಕರಿ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಹಿಂದೆ ಅರಸರೂ ಗೌಡರೂ ಬಲವಂತದಿಂದ ಮಾಡಿಸಿಕೊಳ್ಳುತ್ತಿದ್ದ ದುಡಿಮೆ. ಒಂದೇ ಪದದ ಆ ಕಡೆ ಈ ಕಡೆ ನಿಂತು ನೋಡುವುದು ಹೆಂಗಸರಿಗೆ ಹೊಸದಲ್ಲ. ಮನೆಯಲ್ಲಿ ಮೂರು ಹೊತ್ತು ಬಿಟ್ಟಿಯಾಗಿ ಊಟ ಸಿಗುತ್ತದೆ ಎಂದರೆ ಒಬ್ಬಳು ಮೂರು ಹೊತ್ತು ಬಿಟ್ಟಿಯಾಗಿ ದುಡಿಯುತ್ತಿದ್ದಾಳೆ ಎಂದೇ ಅರ್ಥ.

2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಭಾರೀ ದೋಷ ಹೊರಬಿತ್ತು. ಲೋಕದ ಎಷ್ಟೋ ಬ್ಯಾಂಕು, ಅಂಗಡಿಗಳ ಗುಟ್ಟನ್ನು ಕಾಯುವ ಬೀಗ ಅದು. ಅದನ್ನು ನೋಡಿಕೊಳ್ಳುವ ಬೆರಳೆಣಿಕೆಯ ಜನಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರು. ಕೋಟಿಗಟ್ಟಲೆ ದುಡಿಯುವ ಕಂಪನಿಗಳು ಅದನ್ನೇ ನೆಚ್ಚಿಕೊಂಡಿದ್ದವು, ಅಡಿಗೆಮನೆಗೆ ಯಾರೂ ಇಣುಕಿರಲಿಲ್ಲ. ಗದ್ದಲವಾದ ಮೇಲೆ ಹಣ ಬಂತು.

ಅದಕ್ಕಿಂತ ಮನಸ್ಸಿಗೆ ನಾಟಿದ್ದು 2024ರ ಘಟನೆ. ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶ, ಕಡತಗಳನ್ನು ಮಡಿಚಿ ಚಿಕ್ಕದು ಮಾಡುವುದು ಅದರ ಕೆಲಸ. ಲಿನಕ್ಸ್ ಯಂತ್ರಗಳಲ್ಲೆಲ್ಲ ಇರುತ್ತದೆ. ಫಿನ್‌ಲೆಂಡಿನ ಲಾಸ್ಸೆ ಕಾಲಿನ್ ಸಂಬಳವಿಲ್ಲದೆ ಅದನ್ನು ವರ್ಷಾನುಗಟ್ಟಲೆ ನೋಡಿಕೊಂಡಿದ್ದರು. 2022ರಲ್ಲಿ ಕೆಲವರು ತಡವೇಕೆ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಪೀಡಿಸಿದರು. ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಕೂಲಿಯಿಲ್ಲದ ಹವ್ಯಾಸದ ಕೆಲಸವೆಂಬುದು ನೆನಪಿರಲಿ ಎಂದು ಅವರು ಹೇಳಿಕೊಂಡಿದ್ದರು. ಜಿಯಾ ಟಾನ್ ಎಂಬ ಹೆಸರಿನ ಒಬ್ಬರು ನೆರವಿಗೆ ಬಂದರು, ಎರಡು ವರ್ಷಕ್ಕೂ ಮಿಕ್ಕಿ ನಂಬಿಕೆ ಗಳಿಸಿದರು, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟರು. ಆ ಹೆಸರಿನ ಹಿಂದಿದ್ದವರು ಯಾರೆಂದು ಬಯಲಾಗಿಲ್ಲ. ಕಂಡುಹಿಡಿದವರು ಆಂದ್ರೆಸ್ ಫ್ರಾಯಿಂಡ್. ಯಂತ್ರದೊಳಗೆ ಹೋಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟು, ಬರಹ ಕೈಯಲ್ಲಿದ್ದುದರಿಂದ ಬಿಚ್ಚಿ ನೋಡಿದರು. ಅವರು ಕೆಲಸ ಮಾಡುವುದು ಮೈಕ್ರೋಸಾಫ್ಟಿನಲ್ಲಿ, ನೋಡಿ! ಲೋಕವನ್ನು ಒಳ್ಳೆಯವರ ಕಂಪನಿ, ಕೆಟ್ಟವರ ಕಂಪನಿ ಎಂದು ಗೆರೆ ಕೊರೆಯಲು ಹೊರಟವರು ಇಲ್ಲಿ ತಡವರಿಸಬೇಕಾಗುತ್ತದೆ.

ಬರಹ ತೆರೆದಿದ್ದರಿಂದ ಕಳ್ಳ ಸಿಕ್ಕಿದ. ಆದರೆ ಕಳ್ಳ ನುಗ್ಗಿದ್ದು ಒಬ್ಬ ದಣಿದ ಮನುಷ್ಯನನ್ನು ಯಾರೂ ವಿಚಾರಿಸದೆ ಬಿಟ್ಟ ಸಂದಿಯಲ್ಲಿ. ಎರಡೂ ನಿಜ. ಗೇಟ್ಸ್ 1976ರಲ್ಲಿ ಕೇಳಿದ ಕೂಲಿಯ ಪ್ರಶ್ನೆಗೆ ಮುಕ್ತ ತಂತ್ರಾಂಶದವರು ಪೂರ್ತಿ ಉತ್ತರ ಕೊಟ್ಟಿಲ್ಲ ಎಂದೇ ನನಗನ್ನಿಸುತ್ತದೆ. ಇಷ್ಟಪಟ್ಟು ಮಾಡುವುದು ಬಿಟ್ಟಿ ಚಾಕರಿಯಲ್ಲ, ನಿಜ. ಇಷ್ಟಪಟ್ಟು ಶುರುಮಾಡಿದ್ದು ಯಾವಾಗ ಚಾಕರಿಯಾಯಿತೆಂದು ಮಾಡುವವರಿಗೂ ಗೊತ್ತಾಗುವುದಿಲ್ಲ ಎಂಬುದೂ ನಿಜ.

ದುಡ್ಡು ಕೊಡುವ ಶಕ್ತಿ ನಮ್ಮ ಶಾಲೆಗಿಲ್ಲ. ಲಿಬ್ರೆಆಫೀಸನ್ನು ಕನ್ನಡಕ್ಕೆ ತಂದವರೂ ಸ್ವಯಂಸೇವಕರೇ, ಅದರ ಪಟ್ಟಿಗಳಲ್ಲಿ ಕೆಲವು ಮಾತು ಇಂಗ್ಲಿಷಿನಲ್ಲೇ ಉಳಿದಿವೆ, ಕೆಲವು ನಿಘಂಟಿನಿಂದ ಸ್ನಾನ ಮಾಡದೆ ಎದ್ದು ಬಂದಂತಿವೆ. ಈ ವರ್ಷದ ಒಂಬತ್ತನೆಯ ತರಗತಿಯ ಹುಡುಗಿಯರು ಅವನ್ನು ಗುರುತು ಹಾಕಿ, ತಮಗೆ ತೋಚಿದ ಕನ್ನಡ ಮಾತನ್ನು ಎದುರಿಗೆ ಬರೆದಿಡುತ್ತಿದ್ದಾರೆ. ಇಪ್ಪತ್ತಮೂರು ಆಗಿವೆ. ಅನುವಾದದ ತಾಣಕ್ಕೆ ಕಳಿಸುವ ಮುಂಚೆ ಕನ್ನಡ ಪಂಡಿತರಿಗೆ ಒಮ್ಮೆ ತೋರಿಸಬೇಕು. ಅರ್ಧದಷ್ಟನ್ನು ಅವರು ಹೊಡೆದುಹಾಕುತ್ತಾರೆಂದು ಹುಡುಗಿಯರಿಗೆ ಈಗಲೇ ಭಯ ಹಿಡಿದಿದೆ.